ಟಿವಿ ಅಂಗಡಿಯಲ್ಲಿ ನಮ್ಮ ಮದುವೆ

ಕುವೈತಿನ ಫಿಂಟಾಸಿನಲ್ಲಿರುವ ನಮ್ಮ ಫ್ಲ್ಯಾಟಿಗೆ ದೊಡ್ಡ ಎಲ್‌ಸಿಡಿ ಟಿವಿ ಬಂದ ದಿನ, ಅದರಲ್ಲಿ ಮೊದಲು ನೋಡಬೇಕಾದದ್ದು ನಮ್ಮ ಮದುವೆಯ ವಿಡಿಯೊ ಎಂದು ನನ್ನ ಗಂಡ ಹಟ ಹಿಡಿದರು. ಕ್ಯಾಸೆಟ್ಟಿನಲ್ಲಿದ್ದದ್ದನ್ನು ಮಂಗಳೂರಿನಲ್ಲಿ ಡಿಸ್ಕಿಗೆ ಹಾಕಿಸಿ ತಂದಿದ್ದೆವು. ಹಳೆಯ ಟಿವಿಯಲ್ಲಿ ಎಲ್ಲ ಚೆನ್ನಾಗಿಯೇ ಕಾಣುತ್ತಿತ್ತು. ಹೊಸದರಲ್ಲಿ ನೋಡಿದರೆ, ಇಗರ್ಜಿಯ ಮೆಟ್ಟಿಲು ಇಳಿದು ಬರುತ್ತಿದ್ದದ್ದು ಒಂದು ಬಿಳಿ ಮುದ್ದೆ, ಒಂದು ಕಪ್ಪು ಮುದ್ದೆ.

ಒಂಬತ್ತು ವರ್ಷದ ಮಗಳು ಸೋಫಾದಿಂದಲೇ ಹೇಳಿದಳು, "ಮಮ್ಮಿ, ಯು ಡೋಂಟ್ ಹ್ಯಾವ್ ಎ ನೋಸ್."

"ಟಿವಿಯೇ ಸರಿ ಇಲ್ಲ, ವಾಪಸ್ ಕೊಡುವ" ಎಂದರು ಗಂಡ. ಸುಲೈಬಿಯಾದ ಒಂದು ಗೋದಾಮಿನಲ್ಲಿ ಅವರ ಕೆಲಸ; ಬಂದ ಮಾಲಿನಲ್ಲಿ ದೋಷ ಕಂಡರೆ ಹಿಂದಕ್ಕೆ ಕಳಿಸಿಯೇ ಅಭ್ಯಾಸ.

ಮರುದಿನ ಆಸ್ಪತ್ರೆಯಲ್ಲಿ ನನ್ನ ಜೊತೆ ಕೆಲಸ ಮಾಡುವ ನರ್ಸ್ ಒಬ್ಬಳು ವಿಷಯ ಬಿಡಿಸಿ ಹೇಳಿದಳು. ತಪ್ಪು ಟಿವಿಯದಲ್ಲ. ಹಳೆಯ ಪ್ಲೇಯರು ಕೊಡುವ ಚಿತ್ರ ಸಣ್ಣದು, ಟಿವಿ ಅದನ್ನು ಹೇಗೋ ಹಿಗ್ಗಿಸಿಕೊಳ್ಳುತ್ತದೆ. ಈಗ ಅಪ್‌ಕನ್ವರ್ಟ್ ಮಾಡುವ ಪ್ಲೇಯರುಗಳು ಬಂದಿವೆ, ಚಿತ್ರವನ್ನು ತಾವೇ ಟಿವಿಯ ಅಳತೆಗೆ ದೊಡ್ಡದು ಮಾಡಿ ಕೊಡುತ್ತವೆ, ಬೆಲೆಯೂ ಹೆಚ್ಚಿಲ್ಲ ಎಂದಳು.

ಶುಕ್ರವಾರ ಇಗರ್ಜಿಯಲ್ಲಿ ಪೂಜೆ ಮುಗಿಸಿ ಮೂವರೂ ಅಬ್ಬಾಸಿಯಾಕ್ಕೆ ಹೋದೆವು. ಅಲ್ಲಿನ ಎಲೆಕ್ಟ್ರಾನಿಕ್ಸ್ ಅಂಗಡಿಯವರು ನಮ್ಮ ಜಿಲ್ಲೆಯ ಬ್ಯಾರಿ, ಮೊದಲೂ ಅವರಲ್ಲಿ ಇಸ್ತ್ರಿಪೆಟ್ಟಿಗೆ ತೆಗೆದುಕೊಂಡಿದ್ದೆವು. ನಮ್ಮ ಕೈಗೆಟಕುವಂಥ ಮೂರು ಪ್ಲೇಯರು ಮೇಜಿನ ಮೇಲಿಟ್ಟು, ಒಂದರಲ್ಲಿ ಸಮುದ್ರದ ಮೀನುಗಳ ಡಿಸ್ಕ್ ಹಾಕಿದರು. ಮೀನಿನ ಒಂದೊಂದು ಹುರುಪೆಯೂ ಎಣಿಸುವ ಹಾಗೆ ಕಂಡಿತು.

"ನೋಡಿ ಸಿಸ್ಟರ್, ಎಷ್ಟು ಕ್ಲಿಯರ್ ಉಂಟು."

"ಮೀನು ಬೇಡ ಭಾಯಿ, ಇದನ್ನು ಹಾಕಿ" ಎಂದು ವ್ಯಾನಿಟಿ ಬ್ಯಾಗಿನಿಂದ ಮದುವೆಯ ಡಿಸ್ಕ್ ತೆಗೆದುಕೊಟ್ಟೆ. ಗಂಡ ನಾಚಿಕೊಂಡು ಫ್ಯಾನುಗಳ ಕಡೆ ನೋಡತೊಡಗಿದರು.

ಎಲ್ಲಕ್ಕಿಂತ ಅಗ್ಗದ್ದರಲ್ಲಿ ಮುದ್ದೆಗಳು ಮನುಷ್ಯರಾದವು, ಆದರೆ ಅಡ್ಡಕ್ಕೆ ಎಳೆದ ಹಾಗೆ ಎಲ್ಲರೂ ದಪ್ಪ. ಅಂಗಡಿಯವರು ಯಾವ ಬಟನ್ ಒತ್ತಿದರೂ ಯಾರೂ ಸಪೂರ ಆಗಲಿಲ್ಲ. ಎರಡನೆಯದು ಡಿಸ್ಕನ್ನು ನುಂಗಿ, ಗುರುಗುಟ್ಟಿ, ಡಿಸ್ಕ್ ಇಲ್ಲ ಎಂದಿತು. ಹೀಗೆ ಕ್ಯಾಸೆಟ್ಟಿನಿಂದ ಹಾಕಿಸಿದ ಡಿಸ್ಕ್ ಅದಕ್ಕೆ ಆಗಿಬರುವುದಿಲ್ಲವಂತೆ. ಮೂರನೆಯದು ಯಾರೂ ಹೆಸರು ಕೇಳದ ಕಂಪನಿಯದು. ಅದರಲ್ಲಿ ಎರಡೂ ಬದಿಗೆ ಕಪ್ಪು ಪಟ್ಟಿ ಬಂದು, ನಡುವೆ ಮುಖಗಳೆಲ್ಲ ತಮ್ಮ ಅಳತೆಯಲ್ಲಿ ಕಂಡವು. ಮೀನಿನಷ್ಟು ಸ್ಪಷ್ಟವಲ್ಲ, ಆದರೆ ನನಗೆ ಮೂಗು ಇತ್ತು.

ಅಷ್ಟರಲ್ಲಿ ಅಂಗಡಿಗೆ ಬಂದಿದ್ದ ನಾಲ್ಕೈದು ಮಂದಿ ಸುತ್ತ ನಿಂತು ನೋಡುತ್ತಿದ್ದರು. ಇಗರ್ಜಿಯ ಅಂಗಳದಲ್ಲಿ ಬ್ಯಾಂಡ್ ಬಾರಿಸುವ ದೃಶ್ಯ ಮತ್ತೊಮ್ಮೆ ಬಂತು. ಹಿಂದಿನಿಂದ ಒಂದು ಮೆಲುದನಿ ಕೇಳಿತು.

"ಅದನ್ನು ಸ್ವಲ್ಪ ಹಿಂದೆ ಮಾಡ್ತೀರಾ?"

ರಿಮೋಟು ಕೊಳ್ಳಲು ಬಂದಿದ್ದ, ಐವತ್ತರ ಹತ್ತಿರದ, ತುಂಬು ಮೈಯ ಮನುಷ್ಯ. ಅಂಗಡಿಯವರು ಹಿಂದೆ ಓಡಿಸಿದರು. ಆತ ಪರದೆಯ ಸಮೀಪ ಹೋಗಿ ಬೆರಳಿಟ್ಟರು. ಕೆಂಪು ಕೋಟಿನ ಒಬ್ಬ ಸಪೂರ ಮನುಷ್ಯ ಕೆನ್ನೆ ಉಬ್ಬಿಸಿ ಟ್ರಂಪೆಟ್ ಊದುತ್ತಿದ್ದ.

"ಇದು ನಾನು. ಕೋಟು ಕಂಡಾಗಲೇ ಸಂಶಯ ಬಂತು, ಮೊದಲಿನ ಮೆಶಿನ್‌ನಲ್ಲಿ ಗುರುತು ಸಿಗ್ಲಿಲ್ಲ."

ಗಂಡ ಫ್ಯಾನುಗಳನ್ನು ಬಿಟ್ಟು ಬಂದರು. ಆತ ಕುವೈತಿಗೆ ಬಂದು ಹತ್ತು ವರ್ಷವಾಗಿತ್ತಂತೆ, ವೀಸಾ ಕೊಟ್ಟು ಕರೆಸಿಕೊಂಡ ಕಫೀಲನ ಮನೆಯಲ್ಲಿ ಡ್ರೈವರ್. ಅದಕ್ಕೂ ಮೊದಲು ಲೆಕ್ಕವಿಲ್ಲದಷ್ಟು ಮದುವೆಗಳಲ್ಲಿ ಬಾರಿಸಿದ್ದರು.

"ಹಾಗಾದರೆ ಇಂಥ ವಿಡಿಯೊ ನಿಮ್ಮಲ್ಲಿ ಬೇಕಾದಷ್ಟು ಇರಬೇಕಲ್ಲ?" ಎಂದೆ.

"ವಿಡಿಯೊ ಮದುವೆಯವರಿಗೆ ಸಿಗುವುದು ಸಿಸ್ಟರ್. ಬ್ಯಾಂಡಿನವರಿಗೆ ಯಾರು ಕೊಡ್ತಾರೆ? ನಾನು ಬಾರಿಸುವುದನ್ನು ನಾನು ನೋಡಿದ್ದು ಇವತ್ತೇ."

ಆತ ಅದೇ ತುಣುಕನ್ನು ಮೂರು ಸಲ ನೋಡಿದರು. ಮೂರನೆಯ ಸಲ ನಕ್ಕು, "ಇಲ್ಲಿ ತಪ್ಪಿದ್ದೇನೆ. ಯಾರಿಗೂ ಗೊತ್ತಾಗ್ಲಿಲ್ಲ ಅಲ್ವಾ?" ಎಂದರು.

"ಖಲಾಸ್, ಇದನ್ನೇ ಪ್ಯಾಕ್ ಮಾಡ್ತೇನೆ" ಎಂದು ಅಂಗಡಿಯವರು ಮೂರನೆಯ ಪ್ಲೇಯರನ್ನು ಡಬ್ಬಿಗೆ ಹಾಕಿದರು. ನಮಗೆ ಬೇರೆ ಪ್ರಶ್ನೆ ಉಳಿದಿರಲಿಲ್ಲ.

ಮುಂದಿನ ಶುಕ್ರವಾರ ಆತ ನಮ್ಮಲ್ಲಿಗೆ ಊಟಕ್ಕೆ ಬಂದರು. ನಾವೇ ಎಂದೂ ಪೂರ್ತಿ ನೋಡದಿದ್ದ ಆ ವಿಡಿಯೊವನ್ನು, ಮದುಮಕ್ಕಳಿಗೆ ಶುಭ ಹಾರೈಸುವ ಟೋಸ್ಟಿನ ಉದ್ದುದ್ದ ಭಾಷಣವನ್ನೂ ಬಿಡದೆ ನೋಡಿದರು. ಮಗಳು ಪಕ್ಕದಲ್ಲಿ ಕುಳಿತು, ಈಗಲೂ ಊದಬಲ್ಲಿರಾ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಆತ ತುಟಿ ಬಿಗಿದು, ವಾದ್ಯವಿಲ್ಲದೆಯೇ ಎರಡು ಸಾಲು ಬಾರಿಸಿ ತೋರಿಸಿದರು. ಹೊರಡುವಾಗ ಡಿಸ್ಕಿನ ಒಂದು ಪ್ರತಿ ಕೊಟ್ಟೆ. ಅದನ್ನು ಅಂಗಿಯ ಒಳಕ್ಕೆ ಇಟ್ಟುಕೊಂಡರು. ಊರಿಗೆ ಹೋಗುವ ಯಾರ ಕೈಯಲ್ಲಾದರೂ ಮನೆಗೆ ಕಳಿಸುತ್ತೇನೆ, ಮಗ ನನ್ನನ್ನು ಡ್ರೈವರನಾಗಿ ಮಾತ್ರ ಬಲ್ಲ ಎಂದರು.

ಎರಡು ತಿಂಗಳ ಮೇಲೆ ಒಂದು ಬೆಳಿಗ್ಗೆ ಅವರ ಫೋನು ಬಂತು.

"ಮಗ ಈಗ ಟ್ರಂಪೆಟ್ ಬೇಕು ಅಂತ ಕೂತಿದ್ದಾನೆ ಸಿಸ್ಟರ್. ಎಂತ ಮಾಡುವುದು?"

"ತೆಗೆಸಿಕೊಡಿ."

"ಹೆಂಡತಿ ನಿಮ್ಮ ನಂಬರ್ ಕೇಳ್ತಿದ್ದಾಳೆ" ಎಂದರು. "ಬೈಯ್ಲಿಕ್ಕೆ."

ಸ್ವರದಲ್ಲಿ ನಗು ತುಂಬಿತ್ತು. ಅವರಿಗೆ ನನ್ನ ನಂಬರ್ ಕೊಡಿ ಎಂದೆ.