ಕುದುರೆಗೆ ಕಡ ತಂದ ಹೆಪ್ಪು

ಕಳೆದ ವಾರ ನಮ್ಮ ಮನೆಯ ಕುದುರೆ ಸಾಯುವುದರಲ್ಲಿತ್ತು.

ಗಾಬರಿಯಾಗಬೇಡಿ. ಬಾಗಲಕೋಟೆಯ ನವನಗರದಲ್ಲಿ ಕುದುರೆ ಕಟ್ಟುವಷ್ಟು ಜಾಗ ನಮಗಿಲ್ಲ. ಇದು ಮೀನು. ಕಿತ್ತಳೆ ಬಣ್ಣದ, ಹೊಟ್ಟೆಬಾಕ ಗೋಲ್ಡ್ ಫಿಶ್. ಮಗಳು ಸಿರಿಗೆ ಬೇಕಾಗಿದ್ದದ್ದು ಕಡಲ ಕುದುರೆ. ಅದನ್ನು ಟಿವಿಯಲ್ಲಿ ನೋಡಿ ಹಟ ಹಿಡಿದಿದ್ದಳು. ಮನೆಯಲ್ಲಿ ಸಾಕುವುದು ಕಾನೂನಿಗೆ ವಿರುದ್ಧ ಎಂದು ಅಕ್ವೇರಿಯಂ ಅಂಗಡಿಯವರು ಹೇಳಿದರು. (ನಾನು ಬದುಕಿಕೊಂಡೆ. ಇಲ್ಲದಿದ್ದರೆ ಹಾಲ್‌ನಲ್ಲಿ ಉಪ್ಪುನೀರಿನ ಸಮುದ್ರ ಮಾಡಿಕೊಂಡು ಕೂರಬೇಕಿತ್ತು.) ಸಿರಿ ಗೋಲ್ಡ್ ಫಿಶ್‌ಗೆ ಒಪ್ಪಿದಳು. ಹೆಸರು ಮಾತ್ರ ಕುದುರೆ ಎಂದೇ ಇಟ್ಟಳು.

ಅಷ್ಟರಲ್ಲಿ ದಸರೆ ಹತ್ತಿರ ಬಂತು. ದಸರೆಗೆ ನಮ್ಮ ಕಡೆ ಮನೆ ತೊಳೆಯುವುದೆಂದರೆ ಗೊತ್ತಲ್ಲ? ಇದಕ್ಕಾಗಿಯೇ ನಮ್ಮವ್ವ ಇಳಕಲ್ಲಿನಿಂದ ಬಸ್ಸು ಹತ್ತಿ ಬರುತ್ತಾಳೆ. ಕೌದಿ, ಡಬ್ಬಿ, ಫ್ಯಾನಿನ ರೆಕ್ಕೆ, ಕೊನೆಗೆ ಕ್ಯಾಲೆಂಡರ್ ನೇತುಹಾಕುವ ಮೊಳೆ ಕೂಡ ನೀರು ಕಾಣಲೇಬೇಕು. ಈ ಸಲ ಎಲ್ಲ ಮುಗಿದ ಮೇಲೆ ಅವಳ ಕಣ್ಣು ಮೀನಿನ ತೊಟ್ಟಿಯ ಮೇಲೆ ಬಿತ್ತು.

ನಾನು ಆಫೀಸಿನಿಂದ ಬರುವಷ್ಟರಲ್ಲಿ ಕುದುರೆ ಬಕೆಟ್ಟಿನಲ್ಲಿತ್ತು. ತೊಟ್ಟಿಯ ತಳದ ಕಲ್ಲುಗಳನ್ನು ಅಕ್ಕಿ ತೊಳೆದಂತೆ ತೊಳೆದಾಗಿತ್ತು. ಫಿಲ್ಟರಿನ ಸ್ಪಂಜನ್ನು ನಲ್ಲಿ ಕೆಳಗೆ ಹಿಡಿದು, ಹಿಂಡಿ, ಬಿಸಿಲಿಗೆ ಒಣಹಾಕಿಯೂ ಆಗಿತ್ತು. ತೊಟ್ಟಿ ಫಳಫಳ ಹೊಳೆಯುತ್ತಿತ್ತು. ನಾನೂ ಭೇಷ್ ಎಂದೆ!

ಮರುದಿನ ಸಿರಿ ಶಾಲೆಯವರ ಜೊತೆ ಬಾದಾಮಿಗೆ ಹೊರಟಳು. ಬರುವವರೆಗೆ ಕುದುರೆಯನ್ನು ನೋಡಿಕೊಳ್ಳಬೇಕೆಂದು ಅಜ್ಜಿಯಿಂದ ಮಾತು ತೆಗೆದುಕೊಂಡೇ ಹೋದಳು.

ಸಂಜೆ ನಾನು ಮನೆಗೆ ಬಂದರೆ ತೊಟ್ಟಿಯ ನೀರು ಗಂಜಿಯಂತೆ ಬೆಳ್ಳಗಾಗಿದೆ. ಕುದುರೆ ಮೇಲೆ ಬಂದು ಬಾಯಿ ಬಿಡುತ್ತಿದೆ. ಅವ್ವ ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಕುಳಿತಿದ್ದಾಳೆ. ಅವಳ ಮುಖ ನೋಡಿ ನನಗೆ ಸಂಕಟವಾಯಿತು.

"ನಾ ಸ್ವಚ್ಛ ಮಾಡೇನಿ ಅಷ್ಟ. ಸ್ವಚ್ಛ ಮಾಡಿದ್ರ ಯಾರರೆ ಸಾಯ್ತಾರೇನ?" ಅಂದಳು.

ಸಾಯುತ್ತಾರಂತೆ. ಫೋನಿನಲ್ಲಿ ಹುಡುಕಿದಾಗ ಗೊತ್ತಾಯಿತು. ಫಿಲ್ಟರ್ ಎಂದರೆ ಬರೀ ಜರಡಿಯಲ್ಲ. ಸ್ಪಂಜಿಗೆ ಹತ್ತಿಕೊಂಡಿರುವ ಕಂದು ಲೋಳೆಯಲ್ಲಿ ಬ್ಯಾಕ್ಟೀರಿಯಾ ಇರುತ್ತವೆ. ಮೀನಿನ ಹೊಲಸಿನಿಂದ ಹುಟ್ಟುವ ಅಮೋನಿಯಾ ಎಂಬ ವಿಷವನ್ನು ತಿಂದು ನೀರು ಕಾಯುವವು ಅವೇ. ಅವು ಬೆಳೆಯಲು ವಾರಗಟ್ಟಲೆ ಬೇಕು. ಅಳಿಯಲು ಕ್ಲೋರಿನ್ ಬೆರೆತ ನಲ್ಲಿ ನೀರು ಮತ್ತು ನಮ್ಮವ್ವನ ರಟ್ಟೆ ಸಾಕು. ಈಗ ತೊಟ್ಟಿಯ ಸ್ವಲ್ಪ ನೀರು ತೆಗೆದು, ಹಿಂದಿನ ದಿನ ಹಿಡಿದಿಟ್ಟ ನೀರು ಹಾಕಬೇಕು. (ನೀರು ಹಿಡಿದಿಡುವ ಚಟ ನಮ್ಮ ಕಡೆ ಯಾರಿಗಿಲ್ಲ? ಬ್ಯಾರಲ್ ತುಂಬಿತ್ತು.) ಜೊತೆಗೆ, ಮೀನು ಆರೋಗ್ಯವಾಗಿರುವ ಬೇರೆ ತೊಟ್ಟಿಯಿಂದ ಕೊಳೆ ಸ್ಪಂಜಿನ ತುಂಡೊಂದನ್ನು ತಂದು ಇಡಬೇಕು.

ಇಷ್ಟು ಓದಿ ಹೇಳಿದ್ದೇ ತಡ, ಅವ್ವ ಎದ್ದು ನಿಂತಳು. "ಹೆಪ್ಪ ಅನ್ನು ಮತ್ತ. ಹೆಪ್ಪಿನ ಗಡಿಗಿ ತಿಕ್ಕಿ ತೊಳದಂಗ ಮಾಡೇನಿ ನಾ."

ಪಕ್ಕದ ಮನೆ ಗಿರಿಜಕ್ಕನ ಗಂಡನಿಗೂ ಮೀನಿನ ಹುಚ್ಚು. ಅವರು ಊರಲ್ಲಿರಲಿಲ್ಲ, ತೊಟ್ಟಿ ಇತ್ತಲ್ಲ! ನೀರು ಬದಲಿಸಿ ಇಬ್ಬರೂ ಓಡಿದೆವು. ಗಿರಿಜಕ್ಕ ಆಗಷ್ಟೇ ದೇವರ ಮುಂದೆ ದೀಪ ಹಚ್ಚಿ ಹೊರಗೆ ಬಂದಿದ್ದರು. ನಾನು ಬಾಯಿ ತೆರೆಯುವ ಮೊದಲೇ ಅವ್ವ ಎಲ್ಲವನ್ನೂ ವಿವರಿಸಿ, ನಿಮ್ಮ ತೊಟ್ಟಿಯಿಂದ ಸ್ವಲ್ಪ ಹೆಪ್ಪು ಬೇಕೆಂದು ಕೇಳಿಬಿಟ್ಟಳು.

ಗಿರಿಜಕ್ಕನಿಗೆ ಅರ್ಥವಾಯಿತು. ಅಗತ್ಯಕ್ಕಿಂತ ಹೆಚ್ಚೇ ಅರ್ಥವಾಯಿತು.

"ದೀಪಾ ಹಚ್ಚೇನ್ರಿ ಅವ್ವಾರ. ಹೆಪ್ಪಂದ ಮ್ಯಾಲ ಹೆಂಗ ಕೊಡ್ಲಿ? ಮುಂಜಾನೆ ಒಯ್ರಿ."

ದೀಪ ಹಚ್ಚಿದ ಮೇಲೆ ಮೊಸರು, ಹೆಪ್ಪು, ಉಪ್ಪು ಮನೆಯ ಹೊಸ್ತಿಲು ದಾಟಬಾರದು. ಅವ್ವನೂ ಹೌದೆಂದು ತಲೆಯಾಡಿಸಬೇಕೇ? (ಇಳಕಲ್ಲಿನಲ್ಲಿ ಅವಳೂ ಎಷ್ಟೋ ಬಟ್ಟಲುಗಳನ್ನು ಖಾಲಿ ಕಳಿಸಿದವಳೇ.) ನನಗೆ ಸಿಟ್ಟು ನೆತ್ತಿಗೇರಿತು. ಬ್ಯಾಕ್ಟೀರಿಯಾಕ್ಕೆ ದೀಪ ಹಚ್ಚಿದ್ದು ಗೊತ್ತಾಗುತ್ತದೆಯೇ? ಮೆಟ್ಟಿಲ ಮೇಲೆ ನಿಂತು ವಿಜ್ಞಾನದ ಪಾಠ ಶುರುಮಾಡಿದೆ. ಗಿರಿಜಕ್ಕ ಪೂರ್ತಿ ಕೇಳಿ, ಚಹಾ ಕುಡಿದು ಹೋಗಿ ಎಂದರು.

ಅಷ್ಟರಲ್ಲಿ ಶಾಲೆಯ ಗ್ರೂಪಿನಲ್ಲಿ ಮೆಸೇಜು. ಬಸ್ಸು ಬಾದಾಮಿ ಬಿಟ್ಟಿದೆ. ಇನ್ನೇನು ಸಿರಿ ಬಂದು ಕುದುರೆ ಎಲ್ಲಿ ಎಂದು ಕೇಳುತ್ತಾಳೆ.

ಅವ್ವ ನನ್ನನ್ನು ಪಕ್ಕಕ್ಕೆ ಸರಿಸಿದಳು. "ಹೆಪ್ಪ ಬ್ಯಾಡ ಬಿಡವಾ ಗಿರಿಜಾ. ನಿಮ್ಮ ತೊಟ್ಟ್ಯಾಗ ಹೊಲಸ ಭಾಳ ಆಗಿರಬೇಕಲಾ, ಅದನ್ನರೆ ಕೊಡ್ತೀಯೇನ?"

ಗಿರಿಜಕ್ಕ ಒಂದು ಗಳಿಗೆ ಅವ್ವನನ್ನೇ ನೋಡಿ ನಕ್ಕುಬಿಟ್ಟರು. "ಅದಕ್ಕೇನ್ರಿ, ಬೇಕಾದಷ್ಟ ಒಯ್ರಿ." ಕತ್ತರಿ ಬಂತು. ಸ್ಪಂಜಿನ ಅರ್ಧ ನಮ್ಮ ಸ್ಟೀಲ್ ಬಟ್ಟಲಿಗೆ ಬಿತ್ತು. (ದೀಪ ಹಚ್ಚಿದ ಮೇಲೆ ಕಸವನ್ನೂ ಹೊರಗೆ ಹಾಕಬಾರದಲ್ಲ ಎನ್ನುವ ಓದುಗರು, ದಯವಿಟ್ಟು, ಆ ಹೊತ್ತಿಗೆ ನಾನು ಮಾಡಿದಂತೆ ಬಾಯಿ ಮುಚ್ಚಿಕೊಂಡಿರಿ.)

ಸಿರಿ ಬಂದಾಗ ಕುದುರೆ ಇನ್ನೂ ಮೇಲೆಯೇ ಇತ್ತು, ಆದರೆ ಇತ್ತು. ಬಾದಾಮಿಯ ಮಂಗ ತನ್ನ ಬಿಸ್ಕತ್ತು ಕಿತ್ತುಕೊಂಡ ಕಥೆಯನ್ನು ಅವಳು ಮೊದಲು ಹೇಳಿದ್ದು ಕುದುರೆಗೇ. ಬೆಳಿಗ್ಗೆ ಎದ್ದು ನೋಡಿದರೆ ಕುದುರೆ ಕೆಳಗಿಳಿದು ಕಲ್ಲು ಮೂಸುತ್ತಿತ್ತು. ಅವ್ವ ಯಾರಿಗೂ ಕಾಣದಂತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ನನಗೆ ಕಂಡಿತು. ಅಂದಿನಿಂದ ಸ್ವಲ್ಪ ಸ್ವಲ್ಪವೇ ನೀರು ಬದಲಿಸುತ್ತಿದ್ದೇವೆ. ಈಗ ನೀರು ತಿಳಿಯಾಗುತ್ತಿದೆ. ಸ್ಪಂಜು ತೊಳೆಯಲೇಬೇಕಾದರೆ ತೊಟ್ಟಿಯಿಂದ ತೆಗೆದ ನೀರಿನಲ್ಲೇ ಮೆಲ್ಲಗೆ ಅದ್ದಿ ತೆಗೆಯುವುದು, ಅಷ್ಟೇ.

ಹೊಳೆಯುವುದನ್ನು ಕಂಡು ಭೇಷ್ ಎನ್ನುವ ನನ್ನ ಚಾಳಿ ಮಾತ್ರ ಸ್ವಲ್ಪ ಕಡಿಮೆಯಾಗಿದೆ. ಪ್ರತಿ ದಸರೆಗೆ ನಾವು ತಿಕ್ಕಿ ತಿಕ್ಕಿ ಚರಂಡಿಗೆ ಬಿಟ್ಟದ್ದರಲ್ಲಿ ಕೊಳೆ ಎಷ್ಟಿತ್ತೋ, ಜೀವ ಎಷ್ಟಿತ್ತೋ?

ಮೊನ್ನೆ ಸಂಜೆ ಗಿರಿಜಕ್ಕ ನಮ್ಮ ಬಾಗಿಲಿಗೆ ಬಂದರು. ಕಮತಗಿಯಿಂದ ಬಂದ ನೆಂಟರು ಮೊಸರಿನ ಗಡಿಗೆ ಬಳಿದು ಉಂಡಿದ್ದರಂತೆ. ಕಾಸಿದ ಹಾಲು ಹಾಗೇ ಉಳಿದಿದೆಯಂತೆ. ಒಳಗೆ ನಮ್ಮ ದೇವರ ದೀಪ ಉರಿಯುತ್ತಿತ್ತು. ಅವರು ದೀಪ ನೋಡಿದರು, ಅವ್ವನನ್ನು ನೋಡಿದರು, ಸೆರಗಿನೊಳಗಿಂದ ಮೆಲ್ಲಗೆ ಬಟ್ಟಲು ಹೊರತೆಗೆದರು.

"ಅವ್ವಾರ, ನಿಮ್ಮ ಮನ್ಯಾಗ ಒಂಚೂರು ಹೊಲಸ ಐತೇನ್ರಿ?"