ಕೈ ಮಾತ್ರ ತೋರಿಸುತ್ತೇನೆ ಎಂದಿದ್ದೆ

ರತ್ನಕ್ಕ ನನ್ನನ್ನು ಬಿಟ್ಟು ಹೋಗಲಿಲ್ಲ. ಅವಳು ಹೋಗಲೇಬೇಕಾಗುವಂತೆ ಮಾಡಿದವಳು ನಾನು.

ನಮ್ಮ ಕೆಲಸವನ್ನು ಬಲ್ಲ ಕೋಲಾರದವರು ಹೇಳುವ ಕಥೆ ಬೇರೆ. ಕಿಟಕಿ ಗಾಜು ಒರೆಸುವ ಕೆಲಸದಲ್ಲಿ ನನ್ನ ಜೊತೆ ಹೆಸರು ಮಾಡಿದಳು, ಬೆಂಗಳೂರಿನ ಯಾರೋ ಆಸೆ ತೋರಿಸಿ ಕರೆದರು, ಹೇಳದೆ ಕೇಳದೆ ಹೊರಟುಹೋದಳು — ಇದು ಆ ಕಥೆ. ಅದನ್ನು ಒಂದು ಸಲ ಪರೀಕ್ಷಿಸಿ ನೋಡಿ. ಒಳ್ಳೆಯ ಕೆಲಸ ಸಿಕ್ಕಿ ಹೋಗುವವಳು ಗಿರಾಕಿಯ ಮನೆಯ ಮುಂಬಾಗಿಲಲ್ಲಿ ಚಪ್ಪಲಿ ಬಿಟ್ಟು, ಹಿಂಬಾಗಿಲಿನಿಂದ ಬರಿಗಾಲಲ್ಲಿ ನಡೆಯುತ್ತಾಳೆಯೇ? ದ್ವಿತೀಯ ಪಿಯುಸಿ ಓದುತ್ತಿರುವ ಮಗಳನ್ನು ಪರೀಕ್ಷೆಗೆ ಮೂರು ತಿಂಗಳಿರುವಾಗ ಕಾಲೇಜು ಬಿಡಿಸುತ್ತಾಳೆಯೇ? ಯಾರೂ ಕೇಳಲಿಲ್ಲ. ಪ್ರಶ್ನೆ ಕೇಳುವುದನ್ನೇ ಚಟ ಮಾಡಿಕೊಂಡಿದ್ದ ನಾನೂ ಸುಮ್ಮನಿದ್ದೆ — ಏಕೆಂದರೆ ಆ ಕಥೆ ಹುಟ್ಟಿದ್ದು ನನ್ನ ಫೋನಿನಲ್ಲಿ.

ರತ್ನ ಎಂಬುದು ಅವಳ ನಿಜವಾದ ಹೆಸರಲ್ಲ. ನಿಜವಾದದ್ದನ್ನು ಇಲ್ಲಿ ಬರೆಯುವುದಿಲ್ಲ.

ನಾನು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಬೆಳೆದವಳು. ಪರ ಕೊಟ್ಟರೂ ಸರಿ, ವಿರೋಧ ಕೊಟ್ಟರೂ ಸರಿ, ನಾಲ್ಕು ನಿಮಿಷದಲ್ಲಿ ಎದುರಿನವರ ಬಾಯಿ ಮುಚ್ಚಿಸುತ್ತಿದ್ದೆ. ರತ್ನಕ್ಕ ಅದೇ ಕಾಲೇಜಿನಲ್ಲಿ ಕಸ ಗುಡಿಸಿ ಒರೆಸುವ ಕೆಲಸಕ್ಕೆ ಸೇರಿದ್ದಳು. ಒಂದು ದಿನ ಸಭಾಂಗಣದ ಬಾಗಿಲು ತೆರೆದಿದೆ ಎಂದುಕೊಂಡು ಭಾಷಣದ ಚೀಟಿ ಓದುತ್ತಾ ನಡೆದವಳು ಹಣೆ ಚಚ್ಚಿಕೊಂಡೆ. ಬಾಗಿಲು ಮುಚ್ಚಿತ್ತು; ಗಾಜನ್ನು ಅವಳು ಹಾಗೆ ಒರೆಸಿದ್ದಳು. ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು. “ಗಾಜಿನ ಜತೆ ವಾದ ಮಾಡೋಕಾಗಲ್ಲ ಕಣಮ್ಮ, ಲಾಯರಮ್ಮ” ಎಂದಳು. ಅವತ್ತಿನಿಂದ ಅವಳಿಗೆ ನಾನು ಲಾಯರಮ್ಮ. ಬೇರೆ ಯಾರೂ ನನ್ನನ್ನು ಹಾಗೆ ಕರೆದಿಲ್ಲ. ಈಗ ಯಾರೂ ಕರೆಯುವುದಿಲ್ಲ.

ಡಿಗ್ರಿ ಮುಗಿದ ಮೇಲೆ ಇಬ್ಬರೂ ಸೇರಿ ಕೆಲಸ ಶುರು ಮಾಡಿದೆವು. ನನ್ನ ಸ್ಕೂಟರು, ಅದರ ಪಕ್ಕಕ್ಕೆ ಕಟ್ಟಿದ ಎರಡು ಉದ್ದನೆಯ ಕೋಲು, ಒಂದು ಬಕೆಟ್ಟು, ಎರಡು ಕ್ಯಾನು ನೀರು. ನಮ್ಮ ಕಡೆಯ ಬೋರ್‌ವೆಲ್ ನೀರಿನಲ್ಲಿ ಗಾಜು ತೊಳೆದರೆ ಒಣಗಿದ ಮೇಲೆ ಬಿಳಿ ಮಚ್ಚೆ ಉಳಿಯುತ್ತದೆ, ಹಾಗಾಗಿ ಶುದ್ಧ ನೀರಿನ ಘಟಕದಲ್ಲಿ ಕ್ಯಾನು ತುಂಬಿಸಿಕೊಂಡೇ ಹೊರಡುತ್ತಿದ್ದೆವು. ಇದನ್ನು ಹೇಳಿಕೊಟ್ಟವಳೂ ಅವಳೇ. ಹಳೆಯ ಪಂಚೆಯ ತುಂಡಿನಿಂದ ಮೇಲಿನಿಂದ ಕೆಳಕ್ಕೆ ಕೊನೆಯ ಒರೆತ, ಆಮೇಲೆ ತಲೆ ಓರೆ ಮಾಡಿ ಬೆಳಕಿಗೆ ನೋಡುವುದು. ಗೆರೆ ಕಂಡರೆ ಗಾಜಿಗೇ ಬೈಗುಳ — “ಏನ್ಲಾ, ನನ್ ಹತ್ರಾನೇ ಆಟ ಆಡ್ತೀಯಾ?”

ಕೆಲಸ ಅವಳದು, ಊರಿಗೆ ಅದನ್ನು ತೋರಿಸುವುದು ನನ್ನದು. ಒರೆಸುವ ಮೊದಲಿನ ಗಾಜು, ಒರೆಸಿದ ಮೇಲಿನ ಗಾಜು, ನಡುವೆ ಅವಳ ಕೈ — ಇಷ್ಟು ಸೇರಿಸಿ ದಿನಕ್ಕೊಂದು ಚಿಕ್ಕ ವಿಡಿಯೋ ಜಾಲತಾಣದ ನಮ್ಮ ಪುಟಕ್ಕೆ ಹಾಕುತ್ತಿದ್ದೆ. ಮಾಲೂರಿನ ಹೆಂಚಿನ ಗೂಡುಗಳ ಕಡೆಯ ಮಸಿ ಹಿಡಿದ ಕಿಟಕಿ, ಹೆದ್ದಾರಿಯ ಧೂಳು ಕುಡಿದ ಅಂಗಡಿ ಮುಂಗಟ್ಟು, ಇವೆಲ್ಲ ಜನಕ್ಕೆ ಯಾಕೆ ಅಷ್ಟು ಇಷ್ಟವಾಗುತ್ತಿತ್ತೋ. ಒಂದೇ ಮನೆಗಾಗಿ ಇನ್ನೊಂದು ತಾಲ್ಲೂಕಿಗೆ ಹೋದರೆ ಗಿಟ್ಟುತ್ತಿರಲಿಲ್ಲ. ಅದಕ್ಕೆ ಯಾವ ದಿನ ಯಾವ ಊರಿನಲ್ಲಿರುತ್ತೇವೆಂದು ಮುಂಚೆಯೇ ಬರೆಯುತ್ತಿದ್ದೆ. ಅದೇ ಬೀದಿಯ ಇನ್ನಿಬ್ಬರು ಕರೆಯಲಿ ಎಂದು. ಮತ್ತೆ ಒಂದು ನಿಯಮ ಇಟ್ಟುಕೊಂಡಿದ್ದೆ — ಯಾರು ಏನು ಕೇಳಿದರೂ ಗಂಟೆಯೊಳಗೆ ಉತ್ತರ. ಉತ್ತರ ಕೊಟ್ಟಷ್ಟೂ ಪುಟ ಹೆಚ್ಚು ಜನರಿಗೆ ಕಾಣುತ್ತದೆ.

ರತ್ನಕ್ಕನಿಗೂ ಒಂದು ನಿಯಮವಿತ್ತು. ಒಂದೇ ಒಂದು.

“ಕೈ ತೋರ್ಸು, ಬಟ್ಟೆ ತೋರ್ಸು. ಮುಖ ಮಾತ್ರ ಬೇಡ ಕಣಮ್ಮ.”

“ಯಾಕಕ್ಕ? ಒಂದು ಕಾರಣ ಹೇಳು, ಒಪ್ಕೋತೀನಿ.”

“ಬೇಡ ಅಂದ್ರೆ ಬೇಡ. ಅದಕ್ಕೂ ಕಾರಣ ಬೇಕಾ ನಿಂಗೆ?”

ಬೇಕಿತ್ತು. ಕಾರಣವಿಲ್ಲದ ಮಾತು ನನ್ನ ಲೆಕ್ಕದಲ್ಲಿ ಮಾತೇ ಆಗಿರಲಿಲ್ಲ. ಹಾಗಂತ ಕಾರಣ ಊಹಿಸಲು ಸಾಕ್ಷ್ಯ ಇರಲಿಲ್ಲವೇ? ಇತ್ತು. ಮುಳಬಾಗಿಲಿನ ಕೆಲಸ ಬಂದರೆ ಅವಳು ಬರುತ್ತಿರಲಿಲ್ಲ, ನಾನೊಬ್ಬಳೇ ಹೋಗುತ್ತಿದ್ದೆ. ಊರು ಯಾವುದೆಂದರೆ “ಆ ಕಡೆ” ಎನ್ನುತ್ತಿದ್ದಳು. ತಾಳಿ ಇತ್ತು, ಗಂಡನ ಮಾತು ಇರಲಿಲ್ಲ. ಬಾಡಿಗೆಯ ಒಂದು ಕೋಣೆಯಲ್ಲಿ ತಾಯಿ, ಮಗಳು ಇಬ್ಬರೇ. ಎದುರಾಳಿಯ ಭಾಷಣದಲ್ಲಿ ಸಣ್ಣ ಬಿರುಕನ್ನೂ ಹಿಡಿಯುವ ನಾನು ಇದನ್ನೆಲ್ಲ ದಿನಾ ನೋಡುತ್ತಿದ್ದೆ. ಕೇಳಬೇಕೆನಿಸಲಿಲ್ಲ — ಅವಳನ್ನು ಗೆಲ್ಲಬೇಕೆನಿಸುತ್ತಿತ್ತು.

ಆ ವಿಡಿಯೋ ಮಾಡಿದ್ದು ಮಾಲೂರಿನ ಒಂದು ಕಾರ್ಖಾನೆಯ ಕಚೇರಿಯಲ್ಲಿ. ನೆಲದಿಂದ ಸೂರಿನವರೆಗೆ ನೀಲಿ ಗಾಜು, ಒಳಗೆ ಕತ್ತಲೆ, ಹೊರಗೆ ಬೆಳಗಿನ ಬಿಸಿಲು. ಮಾತು ಕೊಟ್ಟಂತೆ ಕೈಯನ್ನೇ ಹಿಡಿದಿದ್ದೆ. ಆದರೆ ಪಂಚೆ ಬಟ್ಟೆ ಕೆಳಗಿಳಿಯುತ್ತಿದ್ದ ಹಾಗೆ, ಒರೆಸಿದ ಜಾಗದಲ್ಲಿ ಅವಳ ಮುಖ ಮೂಡುತ್ತಾ ಬಂತು. ಮೊದಲು ಹಣೆ, ಆಮೇಲೆ ಕಣ್ಣು, ಕೊನೆಗೆ ತಲೆ ಓರೆ ಮಾಡಿ ತನ್ನ ಕೆಲಸಕ್ಕೆ ತಾನೇ ನಗುವ ಆ ನಗು. ವಿಡಿಯೋ ಜೋಡಿಸಲು ಕುಳಿತಾಗ ಕಂಡೆ. ಕಾಣಲಿಲ್ಲ ಎಂದು ಹೇಳಿದರೆ ನೀವು ನಂಬಬಹುದು, ಹೇಳುವುದಿಲ್ಲ. ಕಂಡೆ. ಅಷ್ಟು ಒಳ್ಳೆಯದು ಇನ್ನೊಂದನ್ನು ನಾನು ಈವರೆಗೂ ತೆಗೆದಿಲ್ಲ. ನನ್ನೊಳಗಿನ ಚರ್ಚಾಪಟು ವಾದವನ್ನೂ ತಯಾರಿಟ್ಟಳು — ನಾನು ಮುಖವನ್ನು ಹಿಡಿಯಲಿಲ್ಲ, ಗಾಜು ಹಿಡಿಯಿತು.

ಹಾಕಿದೆ.

ಎರಡೇ ದಿನದಲ್ಲಿ ಅದನ್ನು ನೋಡಿದವರು ನಮ್ಮ ಹಿಂದಿನ ಎಲ್ಲ ವಿಡಿಯೋ ನೋಡಿದವರಿಗಿಂತ ಹೆಚ್ಚಾದರು. ರತ್ನಕ್ಕನ ಫೋನು ಬಟನ್ ಒತ್ತುವ ಹಳೆಯದು, ಅವಳು ನೋಡಲಿಲ್ಲ. ನಾನು ತೋರಿಸಲಿಲ್ಲ. ಮೂರನೆಯ ದಿನ ಸ್ಕೂಟರು ರಿಪೇರಿಗೆ ಬಿಟ್ಟಿದ್ದರಿಂದ, ಮಾಲೂರಿನಿಂದ ಬರುವ ಬಸ್ಸಿನಲ್ಲಿ ಕುಳಿತು ಒಂದೊಂದೇ ಕಾಮೆಂಟಿಗೆ ಉತ್ತರ ಬರೆಯುತ್ತಿದ್ದೆ. ಸೂಪರ್ ಎಂದವರಿಗೆ ಧನ್ಯವಾದ. ಬೆಲೆ ಕೇಳಿದವರಿಗೆ ನಂಬರು. ನಡುವೆ ಒಬ್ಬರು ಕೇಳಿದ್ದರು: “ಈ ಅಕ್ಕ ಮುಳಬಾಗಿಲು ಕಡೆಯವರಲ್ವಾ? ಈಗ ಎಲ್ಲಿದಾರೆ?” ಹೆಸರಿನ ಪಕ್ಕ ಯಾವುದೋ ಹೂವಿನ ಚಿತ್ರ.

ನಾನು ಬರೆದೆ: “ಇರಬಹುದು ಸರ್! ನಮ್ಮ ಜೊತೆ ಕೋಲಾರದಲ್ಲೇ ಇದಾರೆ. ಶನಿವಾರ ಶ್ರೀನಿವಾಸಪುರದಲ್ಲಿ ಇರ್ತೀವಿ, ಕೆಲಸ ಇದ್ರೆ ಹೇಳಿ.” ಕೊನೆಗೊಂದು ಕೈ ಮುಗಿಯುವ ಚಿತ್ರ.

ಬರೆಯಲು ಅರ್ಧ ನಿಮಿಷ ಹಿಡಿದಿರಬೇಕು. ಆಮೇಲೆ ಮುಂದಿನ ಕಾಮೆಂಟಿಗೆ ಹೋದೆ.

ಶನಿವಾರ ಕೆಲಸವಿದ್ದದ್ದು ಮಾವಿನ ಮಂಡಿಯವರೊಬ್ಬರ ಹೊಸ ಮನೆಯಲ್ಲಿ. ರತ್ನಕ್ಕ ಮಹಡಿಯಲ್ಲಿ ಒಳಗಿನಿಂದ ಗಾಜು ಒರೆಸುತ್ತಿದ್ದಳು, ನಾನು ಕೆಳಗೆ ಅಂಗಳದಲ್ಲಿ ಫೋನು ಹಿಡಿದಿದ್ದೆ. ವಿಡಿಯೋಗಳಲ್ಲಿ ಕಾಣುವ ನಮ್ಮ ಸ್ಕೂಟರು ಬೀದಿಯಲ್ಲೇ ನಿಂತಿತ್ತು; ಅದನ್ನು ಗುರುತಿಸಿಯೇ ಇರಬೇಕು, ಗೇಟಿನ ಹತ್ತಿರ ಬೈಕು ನಿಂತಿತು. ಇಬ್ಬರು ಗಂಡಸರು. ಇಸ್ತ್ರಿ ಮಾಡಿದ ಬಿಳಿ ಷರಟು ಹಾಕಿದ್ದ ಒಬ್ಬ ತುಂಬ ಮರ್ಯಾದೆಯಿಂದ, “ಮಾ ರತ್ನ ಲೋಪಲ ಉಂದಾ ಅಮ್ಮಾ?” ಎಂದು ತೆಲುಗಿನಲ್ಲಿ ಕೇಳಿದ. ನಮ್ಮ ರತ್ನ ಒಳಗಿದ್ದಾಳಾ ಎಂದು.

ಯಾವ ರತ್ನ ಎಂದೆ. ಅವನು ನಕ್ಕ. ಜೇಬಿನಿಂದ ಫೋನು ತೆಗೆದು, ಪರದೆಯನ್ನು ನನ್ನ ಕಡೆ ತಿರುಗಿಸಿದ.

“ನೀವೇ ಬರ್ದಿದೀರಲ್ಲಮ್ಮ, ಶನಿವಾರ ಶ್ರೀನಿವಾಸಪುರ ಅಂತ. ನಾನವಳ ಯಜಮಾನ್ರು.”

ನನ್ನದೇ ಮಾತು. ಕೈ ಮುಗಿಯುವ ಚಿತ್ರದ ಸಮೇತ.

ಅವಳು ಇವತ್ತು ಬಂದಿಲ್ಲ ಎಂದೆ. ಯಾಕೆ, ಏನು, ನೀವು ಯಾರೆಂದು ನಂಬುವುದು ಹೇಗೆ — ಒಂದರ ಮೇಲೊಂದು ಪ್ರಶ್ನೆ ಹಾಕುತ್ತಾ ನಿಂತೆ. ಮನೆಯೊಡತಿ ಹೊರಗೆ ಬಂದು, “ಯಾರ್ರೀ ಅದು? ನಮ್ ಗೇಟ್ ಮುಂದೆ ಏನ್ ಪಂಚಾಯ್ತಿ?” ಎಂದು ಗದರಿದ ಮೇಲೆ ಅವರು ಎದುರಿನ ಟೀ ಅಂಗಡಿಗೆ ಹೋಗಿ, ಇತ್ತ ಮುಖ ಮಾಡಿ ಕುಳಿತರು. ಅವರನ್ನು ತಡೆದೆನೆಂದು ನನ್ನ ಪರವಾಗಿ ಇದನ್ನು ಹೇಳುತ್ತಿಲ್ಲ. ಕರೆದವಳೇ ತಡೆದರೆ ಅದಕ್ಕೇನು ಬೆಲೆ?

ಮೇಲೆ ಹೋದೆ. ರತ್ನಕ್ಕ ಕಂಬಕ್ಕೆ ಒರಗಿ ನಿಂತಿದ್ದಳು. ಕೈಯಲ್ಲಿದ್ದ ಒದ್ದೆ ಬಟ್ಟೆಯಿಂದ ನೀರು ಪಾದದ ಮೇಲೆ ತೊಟ್ಟಿಕ್ಕುತ್ತಿತ್ತು. ಕಿಟಕಿಯ ಒಂದು ಬಾಗಿಲು ಗೇಣಿನಷ್ಟು ತೆರೆದಿತ್ತು.

“ಅವ್ನೇ” ಎಂದಳು. “ಜತೇಲಿ ಅವ್ನ ಅಣ್ಣ.”

ಆಗ ಹೇಳಿದಳು, ನಾನು ಕಾರಣ ಕೇಳದೆಯೇ. ಮಗಳು ಹತ್ತನೆಯ ತರಗತಿಯಲ್ಲಿರುವಾಗ ಗಂಡ ಅವಳನ್ನು ತನ್ನ ಅಕ್ಕನ ಮಗನಿಗೆ ಮದುವೆ ಮಾಡಿಕೊಡುವುದಾಗಿ ಮಾತು ಕೊಟ್ಟು, ತಾಂಬೂಲವನ್ನೂ ಬದಲಾಯಿಸಿದ್ದ. ಸಂಬಂಧ ಹೊರಗೆ ಹೋಗಬಾರದು, ಜಮೀನು ಒಂದೇ ಕಡೆ ಇರಬೇಕು. “ಹುಟ್ಟಿದಾಗ್ಲೇ ಅವನಿಗೇ ಅಂತ ಇಟ್ಟಿದ್ರಂತೆ. ಹುಡುಗಿ ನಂದಲ್ವಾ?” ಕೊನೆಯ ಪರೀಕ್ಷೆ ಬರೆದು ಹೊರಗೆ ಬಂದ ಮಗಳನ್ನು ಶಾಲೆಯ ಗೇಟಿನಿಂದಲೇ ಬಸ್ಸು ಹತ್ತಿಸಿಕೊಂಡು ಬಂದಿದ್ದಳು. ಹುಡುಗಿಗೆ ಹದಿನೆಂಟು ತುಂಬುವ ತನಕ, ಪಿಯುಸಿ ಮುಗಿಯುವ ತನಕ ಯಾರ ಕಣ್ಣಿಗೂ ಬೀಳಬಾರದು. ಅಷ್ಟೇ ಅವಳ ಯೋಜನೆ. ಮೂರೇ ತಿಂಗಳು ಬಾಕಿ ಇತ್ತು.

ಪೊಲೀಸರಿಗೆ ಹೇಳೋಣ ಅಕ್ಕ ಎಂದೆ. “ಏನಂತ ಹೇಳ್ತೀಯ ಲಾಯರಮ್ಮ? ಅಪ್ಪ ಕಣಮ್ಮ ಅವ್ನು. ಮಗಳನ್ನ ನೋಡೋಕೆ ಬಂದೆ ಅಂತಾನೆ” ಎಂದಳು. ಆಮೇಲೆ ನನ್ನ ಮುಖವನ್ನೇ ನೋಡುತ್ತಾ, ಮೆಲ್ಲಗೆ —

“ಅವ್ರಿಗೆ ಹೆಂಗ್ ಗೊತ್ತಾಯ್ತಮ್ಮ, ನಾನು ಇಲ್ಲಿರೋದು?”

ನನ್ನ ಜೀವನದಲ್ಲಿ ನನಗೆ ಸಿಕ್ಕಿದ ಅತ್ಯಂತ ಸುಲಭದ ಪ್ರಶ್ನೆ ಅದು. ಉತ್ತರ ಗೊತ್ತಿತ್ತು.

“ಗೊತ್ತಿಲ್ಲ ಅಕ್ಕ” ಎಂದೆ.

ಅವಳು ತಲೆಯಾಡಿಸಿದಳು. ಬಟ್ಟೆಯನ್ನು ಹಿಂಡಿ, ಮಡಚಿ, ಬಕೆಟ್ಟಿನ ಅಂಚಿಗೆ ಹಾಕಿದಳು. ಮನೆಯೊಡತಿ ಹಿತ್ತಲಿನ ಬಾಗಿಲು ತೆಗೆದುಕೊಟ್ಟರು. ಬರಿಗಾಲಿನಲ್ಲೇ ಹೋದಳು. ಯಾವ ದಾರಿ, ಯಾವ ಬಸ್ಸು — ಗೊತ್ತಿಲ್ಲ. ಈ ಸಲದ ‘ಗೊತ್ತಿಲ್ಲ’ ನಿಜ. ಗೊತ್ತಿದ್ದರೂ ಬರೆಯುತ್ತಿರಲಿಲ್ಲ.

ಅವಳು ಕಣ್ಮರೆಯಾದ ಮೇಲೆ ನಾನು ಮೊದಲು ಮಾಡಿದ್ದೇನು? ಅವಳ ಮಗಳಿಗೆ ಫೋನು ಮಾಡಲಿಲ್ಲ. ಮೆಟ್ಟಿಲ ಮೇಲೆ ಕುಳಿತು ಆ ಕಾಮೆಂಟನ್ನು, ನನ್ನ ಉತ್ತರವನ್ನು, ವಿಡಿಯೋವನ್ನು ಅಳಿಸಿದೆ. ಆ ಕ್ರಮವನ್ನು ಗಮನಿಸಿ. ಫೋನು ಮಾಡಿದ್ದು ಆಮೇಲೆ. ಆಗಲೇ ಆ ನಂಬರು ಸ್ವಿಚ್ ಆಫ್ ಆಗಿತ್ತು. ಸಂಜೆ ಕೋಲಾರಕ್ಕೆ ಬಂದು ನೋಡಿದರೆ ಕೋಣೆಗೆ ಬೀಗ. ಮುಂಬಾಗಿಲಲ್ಲಿ ಉಳಿದಿದ್ದ ಅವಳ ಚಪ್ಪಲಿಯನ್ನು ಎತ್ತಿಕೊಂಡು ಬಂದಿದ್ದೆ, ಅದು ನನ್ನ ಸ್ಕೂಟರಿನ ಡಿಕ್ಕಿಯಲ್ಲಿತ್ತು.

ಗಿರಾಕಿಗಳು ಕೇಳತೊಡಗಿದರು — ಆ ಕೈ ಎಲ್ಲಿ, ಆ ಅಕ್ಕ ಎಲ್ಲಿ? ಒಂದು ವಾರ ಕಳೆಯಿತು. ಆಮೇಲೆ ಬರೆದೆ: “ನಂಬಿ ಬೆಳೆಸಿದವರು ಹೇಳದೆ ಹೋದಾಗ ನೋವಾಗುತ್ತದೆ. ಆದರೂ ನಮ್ಮ ಕೆಲಸ ನಿಲ್ಲುವುದಿಲ್ಲ.” ನಾನು ಬರೆದಿದ್ದ ಉತ್ತರದ ವಿಷಯ ಅವಳ ಗಂಡನಿಗೆ ಗೊತ್ತಿತ್ತು, ಬೇರೆ ಯಾರಿಗೂ ಗೊತ್ತಾಗಬಾರದು ಎನ್ನುವುದಷ್ಟೇ ಆಗ ನನ್ನ ತಲೆಯಲ್ಲಿತ್ತು. ಆ ಬರಹಕ್ಕೆ ಎಷ್ಟು ಜನ ಸಮಾಧಾನ ಹೇಳಿದರು! ಬೆಂಗಳೂರಿನ ಮಾತನ್ನು ಸೇರಿಸಿದವರೂ ಅವರೇ, ನಾನು ತಿದ್ದಲಿಲ್ಲ. ಹೊಸ ಕೆಲಸಗಳೂ ಬಂದವು. ಅವಳ ಮೇಲೆ ಸುಳ್ಳು ಹೊರಿಸಿ, ಅವಳ ಹೆಸರು ಕೆಡಿಸಿ, ಆ ಕನಿಕರದಲ್ಲಿ ನಾನು ಬದುಕಿದೆ. ಎರಡು ವರ್ಷ.

ಈಗಲೂ ಗಾಜು ಒರೆಸುತ್ತೇನೆ. ಕೊನೆಯ ಒರೆತ ಮುಗಿದಾಗ ತಲೆ ಓರೆಯಾಗುತ್ತದೆ — ಅದು ನನ್ನ ಅಭ್ಯಾಸವಲ್ಲ, ಅವಳದು. ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಮುದ್ದೆಯ ಅರ್ಧ ಮುರಿದು ಪಕ್ಕಕ್ಕಿಡಲು ಕೈ ಹೋಗುತ್ತದೆ. ಶ್ರೀನಿವಾಸಪುರದ ಬಸ್‌ನಿಲ್ದಾಣದಲ್ಲಿ, ಅವತ್ತು ಅವಳು ಉಟ್ಟಿದ್ದಂಥ ಹಸಿರು ಸೀರೆಯ ಯಾರಾದರೂ ಬೆನ್ನು ಹಾಕಿ ನಿಂತಿದ್ದರೆ, ಅವರು ತಿರುಗುವ ತನಕ ನಾನು ಹೋಗಲಾರೆ. ತಿರುಗುತ್ತಾರೆ. ಅವಳಲ್ಲ.

ಹುಡುಕುವುದು ಕಷ್ಟವೇನಲ್ಲ, ಅದೇ ಹೆದರಿಕೆ. ಪುಟದಿಂದ ಅಳಿಸಿದ ಆ ವಿಡಿಯೋ ನನ್ನ ಫೋನಿನಲ್ಲಿತ್ತು. “ಇವರನ್ನು ಎಲ್ಲಾದರೂ ಕಂಡಿರಾ?” ಎಂದು ಒಂದು ಸಾಲು ಬರೆದು ಹಾಕಿದರೆ, ಎರಡು ದಿನದಲ್ಲಿ ಯಾರಾದರೂ ಉತ್ತರ ಕೊಡುತ್ತಾರೆ — ನಾನು ಕೊಟ್ಟ ಹಾಗೆಯೇ, ಒಳ್ಳೆಯ ಮನಸ್ಸಿನಿಂದ, ಅರ್ಧ ನಿಮಿಷದಲ್ಲಿ. ಎಷ್ಟೋ ಸಲ ಆ ಸಾಲು ಬರೆದೆ. ಅವಳು ಹೇಗಿದ್ದಾಳೋ ತಿಳಿಯಬೇಕು ಎನ್ನುವುದು ಪರ. ಬೇಡ ಎಂದವಳನ್ನು ಇನ್ನೊಂದು ಸಲ ಊರಿಗೆಲ್ಲ ತೋರಿಸುವುದು ವಿರೋಧ. ಎರಡೂ ಕಡೆ ನಾನೇ ವಾದಿಸಿ, ಕೊನೆಗೆ ಕಳೆದ ವಾರ ಆ ವಿಡಿಯೋವನ್ನು ಫೋನಿನಿಂದಲೂ ತೆಗೆದೆ. ಅವಳ ಮುಖ ಈಗ ನನ್ನ ಬಳಿ ಎಲ್ಲಿಯೂ ಇಲ್ಲ. ನಂಬಿಕೆಯ ಬಗ್ಗೆ ಬರೆದ ಆ ಸುಳ್ಳನ್ನು ಮಾತ್ರ ಅಳಿಸುವುದಿಲ್ಲ. ಅದರ ಕೆಳಗೇ ಇದನ್ನು ಹಾಕುತ್ತೇನೆ. ಸಮಾಧಾನ ಹೇಳಿದವರೆಲ್ಲ ಓದಲಿ.

ಅಕ್ಕ, ನಿನ್ನ ಮಗಳಿಗೆ ಈಗ ಹದಿನೆಂಟು ದಾಟಿದೆ. ಅವಳಾದರೂ ಎಲ್ಲೋ ಇದನ್ನು ಓದಿ ನಿನಗೆ ಹೇಳಬಹುದು, ಹೇಳದೆಯೂ ಇರಬಹುದು. ಬಾ ಎಂದು ಕರೆಯುವ ಹಕ್ಕು ನನಗಿಲ್ಲ; ಕ್ಷಮಿಸು ಎಂದರೆ ಅದಕ್ಕೂ ನೀನೇ ಶ್ರಮಪಡಬೇಕು. ಒಂದನ್ನು ಮಾತ್ರ ತಿಳಿಯದೆ ಇರಲಾರೆ. ಅವತ್ತು ಆ ಕಿಟಕಿ ತೆರೆದಿತ್ತು, ಗೇಟು ಹತ್ತಿರವಿತ್ತು, ನಿನ್ನ ಗಂಡನ ದನಿ ಸಣ್ಣದಲ್ಲ. ಅವನು ನನಗೆ ಹೇಳಿದ್ದೆಲ್ಲ ನಿನಗೆ ಕೇಳಿಸಿತ್ತಾ ಅಕ್ಕ — ಕೇಳಿಸಿಕೊಂಡೇ, ನಿಜ ಹೇಳಲು ನನಗೊಂದು ಅವಕಾಶ ಕೊಡಲೆಂದು ಆ ಪ್ರಶ್ನೆ ಕೇಳಿದೆಯಾ?