ತಂಗಿಯ ಗಿಟಾರಿಗೊಂದು ಎಣ್ಣೆ ಡಬ್ಬಿ

ಸಿಂಧನೂರಿನಲ್ಲಿ ಟ್ರ್ಯಾಕ್ಟರುಗಳಿಗೆ ಟೇಪು, ವೂಫರ್ ಸ್ಪೀಕರು ಕೂಡಿಸುವುದು ನನ್ನ ಕೆಲಸ. ಟ್ರ್ಯಾಕ್ಟರು ಇನ್ನೂ ಕಾಲುವೆ ದಾಟಿರಬಾರದು, ಅದರ ಹಾಡು ಆಗಲೇ ಆಚೆ ಊರಿನಲ್ಲಿ ಕುಣಿಯುತ್ತಿರಬೇಕು. ಆಗ ಮಾತ್ರ ನಮ್ಮ ಗಿರಾಕಿ ಸಮಾಧಾನದಿಂದ ಮೀಸೆ ಮುಟ್ಟಿಕೊಳ್ಳುತ್ತಾನೆ. ನಾಲ್ಕು ವರ್ಷ ಇದನ್ನೇ ಮಾಡಿದ ಮೇಲೆ, ಜಗತ್ತಿನ ಸದ್ದಿಗೆಲ್ಲ ನಾನೇ ಯಜಮಾನ ಅನ್ನುವ ಸೊಕ್ಕು ನನಗೆ ಬಂದಿತ್ತು.

ನನ್ನ ತಂಗಿ ಲಿಂಗಸುಗೂರಿನ ಹಾಸ್ಟೆಲಿನಲ್ಲಿದ್ದು ಓದುತ್ತಾಳೆ. ಯಾರೋ ಮಾರಿದ ಹಳೆಯ ಎಲೆಕ್ಟ್ರಿಕ್ ಗಿಟಾರನ್ನು ಎರಡು ವರ್ಷದಿಂದ ಮೊಬೈಲು ನೋಡಿ ಕಲಿಯುತ್ತಿದ್ದಳು. ಆ ಗಿಟಾರಿಗೆ ಹೊಟ್ಟೆಯೇ ಇಲ್ಲ, ಬರೀ ಹಲಗೆ. ಆಂಪ್ಲಿಫೈಯರ್ ಇಲ್ಲದಿದ್ದರೆ ನುಡಿಸುವವರ ಕಿವಿ ಬಿಟ್ಟು ಇನ್ನೊಬ್ಬರಿಗೆ ಕೇಳುವುದಿಲ್ಲ. ಅಂದರೆ ಎರಡು ವರ್ಷದ ಅವಳ ಸಂಗೀತವನ್ನು ಕೇಳಿದವಳು ಅವಳೊಬ್ಬಳೇ. ಈಗ ಕಾಲೇಜಿನ ಕಾರ್ಯಕ್ರಮದಲ್ಲಿ ಅವಳಿಗೆ ಐದು ನಿಮಿಷ ಸಿಕ್ಕಿತ್ತು. ಆದರೆ ಮೈಕ್‌ಸೆಟ್ಟಿನವನು ತನ್ನ ಮಷೀನಿಗೆ ಗಿಟಾರಿನ ವೈರು ಚುಚ್ಚಗೊಡುವುದಿಲ್ಲ ಎಂದು ಹಟ ಹಿಡಿದಿದ್ದ.

"ಯಣ್ಣಾ, ಆಂಪ್ಲಿಫೈಯರ್ ನೀವ ತರ್ರಿ, ಇಲ್ಲಾಂದ್ರ ಹೆಸರು ತಗೀತೀವಿ ಅಂದಾರ," ಎಂದು ಫೋನಿನಲ್ಲಿ ಅಳುವ ದನಿ ತೆಗೆದಳು. "ಬರೋ ಶನಿವಾರ ಐತಿ."

"ಇಷ್ಟಕ್ಕ ಅಳತಿ ಏನ್ಲೇ? ಟ್ರ್ಯಾಕ್ಟರ್ ಕುಣಿಸಾಂವ ನಾ. ನಿನ್ನ ಗಿಟಾರ್ ಯಾ ಲೆಕ್ಕ?"

"ನನಗ ಟ್ರ್ಯಾಕ್ಟರ್ ಬ್ಯಾಡ. ಗಿಟಾರ್ ಗಿಟಾರಿನಂಗ ಕೇಳಬೇಕು."

ವಿಡಿಯೋ ನೋಡಿ ಒಂದು ಸರ್ಕೀಟು ಹಿಡಿದೆ. ಗಿಟಾರಿನ ಸಣ್ಣ ದನಿಯನ್ನು ಎತ್ತಿಕೊಡಲು ಮುಂದೆ ಒಂದು ಚಿಕ್ಕ ಬೋರ್ಡು, ಸ್ಪೀಕರನ್ನು ಅಲುಗಾಡಿಸಲು ಹಿಂದೆ ಒಂದು ದೊಡ್ಡ ಐಸಿ. ಇವಕ್ಕೆ ಕರೆಂಟು ಕೊಡಲು ಒಂದು ಟ್ರಾನ್ಸ್‌ಫಾರ್ಮರ್, ನಾಲ್ಕು ಡಯೋಡು. ಸ್ಪೀಕರು ಸಮೇತ ಇವನ್ನೆಲ್ಲ ಕೂಡಿಸಲು ತಗಡಿನ ಪೆಟ್ಟಿಗೆ ಬೇಕಿತ್ತು. ಅವ್ವ ಶೇಂಗಾ ತುಂಬಿಟ್ಟಿದ್ದ ಎಣ್ಣೆ ಡಬ್ಬಿ ಕಣ್ಣಿಗೆ ಬಿತ್ತು. ಶೇಂಗಾವನ್ನು ನನ್ನ ಹಾಸಿಗೆಯ ಮೇಲೆ ಸುರಿದು ಡಬ್ಬಿ ಎತ್ತಿಕೊಂಡೆ.

ಟ್ರ್ಯಾಕ್ಟರಿನಲ್ಲಿ ಗಾಡಿಯ ಕಬ್ಬಿಣದ ಮೈಯೇ ಬ್ಯಾಟರಿಯ ಮೈನಸ್. ಏನು ತಂದರೂ ಮೈಗೆ ಬೋಲ್ಟು ಬಿಗಿದು ಮುಂದಕ್ಕೆ ಹೋಗುವುದು ನಮ್ಮ ಧರ್ಮ. ಹಾಗೇ ಐಸಿಯ ಬೆನ್ನನ್ನು ಡಬ್ಬಿಗೆ ಒತ್ತಿಟ್ಟು, ನನ್ನ ಶಕ್ತಿಯೆಲ್ಲ ಸೇರಿಸಿ ಬೋಲ್ಟು ಬಿಗಿದೆ. ಸ್ವಿಚ್ ಒತ್ತಿದೆ. ಪಟ್! ಪಟ್! ಡಯೋಡುಗಳಲ್ಲಿ ಎರಡು ಹಾರಿದವು. ಡಬ್ಬಿಯಿಂದ ಎದ್ದ ಹೊಗೆ ಇಟ್ಟಂಗಿ ಭಟ್ಟಿಗೆ ಸಾಕಾಗುವಷ್ಟಿತ್ತು.

"ಅಯ್ಯ ನನ್ನ ಕರ್ಮ, ಏನ್ ಹೊತ್ತಿಸಿದ್ಯೋ?" ಅವ್ವ ಒಲೆಯ ಮುಂದಿನಿಂದ ಕೂಗಿದಳು.

"ಏನಿಲ್ಲ ಬೇ, ಟೆಸ್ಟಿಂಗ್."

"ಟೆಸ್ಟಿಂಗ್ ಹೊರಗ ಮಾಡ್ಕೋ. ಶೇಂಗಾಕ್ಕೆಲ್ಲ ಹೊಗಿ ವಾಸನಿ ಕುಂತೈತಿ!"

ತಪ್ಪು ನನ್ನದಿರಲು ಸಾಧ್ಯವೇ ಇಲ್ಲವಲ್ಲ, ಹಾಗಾಗಿ ಡಯೋಡನ್ನು ಬೈದು ಇನ್ನೂ ದಪ್ಪನೆಯವನ್ನು ತಂದೆ. ಈ ಸಲ ಡಯೋಡು ತಡೆದುಕೊಂಡವು, ಟ್ರಾನ್ಸ್‌ಫಾರ್ಮರ್ ಕಾದ ಹಂಚಾಯಿತು. ಮಾರನೆಯ ದಿನ ಬಿಡಿಭಾಗದ ಅಂಗಡಿಗೆ ಜಗಳ ತೆಗೆಯಲು ಹೋದೆ.

"ಸೇಟ್ರ, ನಿಮ್ಮ ಮಾಲೆಲ್ಲಾ ಡೂಪ್ಲಿಕೇಟ್ ಐತ್ರಿ."

"ಹೌದಪಾ, ಇಲ್ಲಿ ಒರಿಜಿನಲ್ ಅಂದ್ರ ನೀ ಒಬ್ಬನ," ಎಂದ ಅಂಗಡಿಯವ, ಕನ್ನಡಕದ ಮೇಲಿಂದ ನೋಡುತ್ತ. "ಐಸಿ ಬೆನ್ನಿಗೆ ಹಾಳಿ ಹಾಕೀಯೇನು?"

"ಯಾ ಹಾಳಿ?"

"ಪಾಕೀಟಿನ್ಯಾಗ ಇತ್ತಲ್ಲೋ, ಗಾಜಿನಂಥದ್ದು, ತೆಳ್ಳಂದು."

ಇತ್ತು. ಹೊಸ ಮೊಬೈಲಿನ ಮೇಲೆ ಅಂಟಿಸಿರುತ್ತಾರಲ್ಲ, ಅಂಥ ಕವರು ಇರಬೇಕೆಂದು ಭಾವಿಸಿ, ಉಫ್ ಎಂದು ಊದಿ, ಕಸಬರಿಗೆಯಿಂದ ಗುಡಿಸಿ ಬೀದಿಗೆ ಹಾಕಿದ್ದೆ. ಅದನ್ನು ಬಾಯಿ ಬಿಟ್ಟು ಹೇಳಿಯೂಬಿಟ್ಟೆ. ಅಂಗಡಿಯವ ಎರಡು ನಿಮಿಷ ನಕ್ಕ. ಕಣ್ಣೊರೆಸಿಕೊಂಡು, ಇನ್ನೂ ಸ್ವಲ್ಪ ಉಳಿದಿತ್ತೇನೋ, ಅದನ್ನೂ ನಕ್ಕ.

"ಇದು ಟ್ರ್ಯಾಕ್ಟರ್ ಅಲ್ಲ ತಮ್ಮಾ. ಈ ಸರ್ಕೀಟಿನ್ಯಾಗ ಐಸಿ ಬೆನ್ನು ಮೈನಸ್, ಡಬ್ಬಿ ಜೀರೋ. ಎರಡೂ ಒಂದಕ್ಕೊಂದು ತಾಕಿದ್ರ ಹೊಗಿ ಬರ್ತೈತಿ, ಹಾಡು ಬರಂಗಿಲ್ಲ. ನಡುವ ಈ ಹಾಳಿ ಇಡು. ಬೋಲ್ಟಿಗೆ ಈ ಪ್ಲಾಸ್ಟಿಕ್ ಬುಷ್ ತೊಡಸು."

ಹಾಳೆ ಇಟ್ಟೆ, ಬುಷ್ ತೊಡಿಸಿದೆ. ಸ್ವಿಚ್ ಒತ್ತಿ ಓಡಿಹೋಗಿ ಬಾಗಿಲ ಮರೆಯಲ್ಲಿ ನಿಂತೆ. ಹೊಗೆ ಇಲ್ಲ! ತೆವಳಿಕೊಂಡು ಬಂದು ಗಿಟಾರಿಗೆಂದು ತಂದಿದ್ದ ವೈರಿನ ತುದಿಯನ್ನು ಬೆರಳಿನಿಂದ ಮುಟ್ಟಿದೆ. ಗೊಂಯ್! ಎಂದು ಸ್ಪೀಕರು ಒದರಿತು. ಜೀವ ಇದೆ! ಮತ್ತೆ ಮುಟ್ಟಿದೆ, ಗೊಂಯ್! ಹೀಗೆ ಅರ್ಧ ತಾಸು ಮುಟ್ಟುವುದು, ಕುಣಿಯುವುದು, ಮುಟ್ಟುವುದು, ಕುಣಿಯುವುದು. ಅವ್ವ ಬಂದು ನನ್ನ ಹಣೆ ಮುಟ್ಟಿ ಜ್ವರ ಇದೆಯೇ ಎಂದು ನೋಡಿಹೋದಳು.

ಗುರುವಾರ ಸಂಜೆ ತಂಗಿ ಗಿಟಾರು ಹೊತ್ತು ಬಂದಳು. ಒಂದು ತಂತಿ ಮೀಟಿದ್ದೇ ತಡ, ಗೋಡೆಯ ಮಾಡದಲ್ಲಿದ್ದ ಸ್ಟೀಲ್ ಗ್ಲಾಸುಗಳೆಲ್ಲ ಗಡಗಡ ಎಂದವು. ನಾನು ಮೀಸೆ ಮುಟ್ಟಿಕೊಂಡೆ. ಅವಳು ಮುಖ ಕಿವುಚಿದಳು.

"ಬಾಯಾಗ ರೊಟ್ಟಿ ತುರಕ್ಕೊಂಡು ಹಾಡಿದಂಗ ಕೇಳ್ತೈತಿ."

"ಬೇಸ್ ಲೇ ಅದು, ಬೇಸ್!"

"ನಿನ್ನ ಬೇಸ್ ಟ್ರ್ಯಾಕ್ಟರಿಗೆ ಇಡು. ನನ್ನ ಗಿಟಾರ್ ಎಲ್ಲೈತಿ ಇದರಾಗ?"

ಆಗ ಹೊಳೆಯಿತು. ದನಿ ದಪ್ಪವೋ ಸಣ್ಣದೋ ಎಂದು ತೀರ್ಮಾನಿಸುವುದು ಕೆಪಾಸಿಟರು; ಸರ್ಕೀಟಿನಲ್ಲಿ ಹೇಳಿದ್ದವನ್ನು ಬಿಟ್ಟು, ನನ್ನ ಟ್ರ್ಯಾಕ್ಟರ್ ಕಿವಿಗೆ ಹಿತವೆನಿಸಿದ ದೊಡ್ಡವನ್ನು ಹಾಕಿದ್ದೆ. ಒಂದು ಬಿಚ್ಚಿದೆ, ಸಣ್ಣದು ಹಾಕಿದೆ. ಅವಳು ಅದೇ ಸಾಲು ನುಡಿಸಿ "ಇನ್ನಾ ಸೊಲ್ಪ" ಎಂದಳು. ಮತ್ತೊಂದು ಬದಲಿಸಿದೆ. "ಈಗ ಸೊಳ್ಳಿ ಅಳಾಕತ್ತೈತಿ." ಮತ್ತೆ ಬದಲಿಸಿದೆ. ಐದನೆಯ ಸಲ, ಒಂದು ಸಾಲು ನುಡಿಸಿ ನಿಲ್ಲಿಸುವವಳು ನಿಲ್ಲಿಸಲಿಲ್ಲ, ಇಡೀ ಹಾಡು ನುಡಿಸಿದಳು. ಮಳೆ ನಿಂತ ಮೇಲೆ ತಗಡಿನಿಂದ ಒಂದೊಂದೇ ಹನಿ ಬಿದ್ದ ಹಾಗೆ, ಪ್ರತಿ ತಂತಿಯೂ ಬೇರೆ ಬೇರೆ ಕೇಳುತ್ತಿತ್ತು. ಅವ್ವ ಕೈಗೆ ಮೆತ್ತಿದ ಹಿಟ್ಟಿನ ಸಮೇತ ಬಾಗಿಲಿಗೆ ಬಂದು ನಿಂತಿದ್ದಳು.

"ಇದನ್ನೇನ ಎರಡು ವರ್ಷ ನೀ ಒಬ್ಬಾಕಿನ ಕೇಳಿದ್ದು?" ಎಂದಳು.

ತಂಗಿ ಗಿಟಾರು ಹೊತ್ತು ಶುಕ್ರವಾರವೇ ಹಾಸ್ಟೆಲಿಗೆ ಮರಳಿದಳು. ಶನಿವಾರ ನಾನು ಲಿಂಗಸುಗೂರಿನ ಬಸ್ಸಿನಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ.

"ಎಣ್ಣಿಗೆ ಲಗೇಜ್ ಟಿಕೆಟ್ ತಗಸಬೇಕಪಾ," ಎಂದ ಕಂಡಕ್ಟರ್.

"ಎಣ್ಣಿ ಅಲ್ರೀ, ಗಿಟಾರಿಂದೈತಿ ಇದು."

ಅವನು ಡಬ್ಬಿಯನ್ನು ಬೆರಳಿನಿಂದ ಬಡಿದು ನೋಡಿದ. "ಅಷ್ಟುದ್ದಂದು ಇದರಾಗ ಹ್ಯಾಂಗ ಹಿಡಿಸಿದಿ?"

ಮಸ್ಕಿ ದಾಟುವವರೆಗೂ ನಗುತ್ತಲೇ ಇದ್ದೆ. ಆಮೇಲೆ ಬಸ್ಸು ಹಾರಿದಾಗಲೆಲ್ಲ ಡಬ್ಬಿಯೂ ಹಾರಿತು, ನಾನೂ ಹಾರಿದೆ. ನನ್ನ ಎಲುಬು ಗಟ್ಟಿ ಇದ್ದವು. ನನ್ನ ಬೆಸುಗೆ ಅಷ್ಟು ಗಟ್ಟಿ ಇರಲಿಲ್ಲ.

ಅದು ಗೊತ್ತಾಗಿದ್ದು ವೇದಿಕೆಯ ಮೇಲೆ, ತಂಗಿಯ ಹೆಸರು ಕೂಗಿದ ಮೇಲೆ. ಗಿಟಾರಿನ ಪಿನ್ನು ಚುಚ್ಚಿದ ಕೂಡಲೇ ಗೊಂಯ್ ಎಂಬ ಒದರಾಟ. ಮುಂದಿನ ಸಾಲಿನವರು ಕಿವಿ ಮುಚ್ಚಿಕೊಂಡರು.

"ನಾ ಮೊದಲ ಹೇಳಿದ್ದಿಲ್ಲೇನ್ರಿ?" ಎಂದು ಮೈಕ್‌ಸೆಟ್ಟಿನವನು ಮೈಕಿನಲ್ಲೇ ಕೇಳಿದ. ಹೆಸರು ಕೂಗುವ ಮೇಡಮ್ಮು ಮುಂದಿನ ಚೀಟಿ ಬಿಡಿಸತೊಡಗಿದ್ದರು. ತಂಗಿ ಗಿಟಾರನ್ನು ಕೊರಳಿಂದ ತೆಗೆಯಲು ಪಟ್ಟಿಗೆ ಕೈ ಹಾಕಿದಳು.

ನಾನು ಡಬ್ಬಿಯ ಮೇಲೆ ಬಿದ್ದೆ. ಪಿನ್ನು ಚುಚ್ಚುವ ಸಾಕೆಟ್ಟು ಕೈಗೆ ಅಲುಗಾಡಿತು. ಹೆಬ್ಬೆರಳಿನಿಂದ ಒತ್ತಿ ಹಿಡಿದೆ. ಗಪ್ ಚುಪ್. ಬಿಟ್ಟೆ, ಗೊಂಯ್. ಒತ್ತಿದೆ, ಗಪ್ ಚುಪ್. ಬೆಸುಗೆ ಹಾಕುವ ಸೋಲ್ಡರಿಂಗ್ ಐರನ್ ಸಿಂಧನೂರಿನಲ್ಲಿತ್ತು.

"ನುಡಸ್ಲೇ! ನಾ ಬಿಡಂಗಿಲ್ಲ," ಎಂದೆ.

ಅವಳು ನುಡಿಸಿದಳು. ನಾನು ನೆಲದ ಮೇಲೆ ಮೊಣಕಾಲೂರಿ, ಓಡಿಹೋಗುವ ಹೋರಿಯ ಮೂಗುದಾರ ಹಿಡಿದವನ ಹಾಗೆ ಡಬ್ಬಿ ಹಿಡಿದು ಕೂತಿದ್ದೆ. ಹುಡುಗಿಯರ ಸಾಲಿನಲ್ಲಿ ಕಿಸಿಕಿಸಿ ಎದ್ದಿತು. ಮೂಗು ತುರಿಸಿತು, ಬೆನ್ನು ತುರಿಸಿತು, ಮುಟ್ಟಲಿಲ್ಲ. ಸ್ವಲ್ಪ ಹೊತ್ತಿಗೆ ಕಿಸಿಕಿಸಿಯೂ ನಿಂತಿತು. ಆ ದೊಡ್ಡ ಹಾಲ್‌ನಲ್ಲಿ ಗಿಟಾರು ಗಿಟಾರಿನ ಹಾಗೆ ಕೇಳುತ್ತಿತ್ತು. ಎಲ್ಲರಿಗೂ!

ಹಾಡು ಮುಗಿದದ್ದೇ ಇಡೀ ಹಾಲ್ ಸೀಟಿ, ಚಪ್ಪಾಳೆಯಲ್ಲಿ ಮುಳುಗಿತು. ನನಗೂ ತಡೆಯಲಾಗಲಿಲ್ಲ, ಎರಡೂ ಕೈ ಎತ್ತಿ ಚಪ್ಪಾಳೆ ಹೊಡೆದೇಬಿಟ್ಟೆ. ಗೊಂಯ್!

"ಯಣ್ಣಾ, ಕೈ!" ಎಂದು ಒದರಿದಳು ತಂಗಿ. ನಾನು ಮತ್ತೆ ಡಬ್ಬಿಯ ಮೇಲೆ ಬಿದ್ದೆ.

"ಇನ್ನೊಂದು! ಇನ್ನೊಂದು!" ಎಂದು ಹಿಂದಿನ ಸಾಲಿನವರು ಕೂಗುತ್ತಿದ್ದರು. ಮೇಡಮ್ಮು ಚೀಟಿ ಮಡಚಿಟ್ಟು, ಆಗಲಿ ಎಂಬಂತೆ ತಲೆಯಾಡಿಸಿದರು. ತಂಗಿ ಮಾತ್ರ ಅವರ ಕಡೆ ನೋಡಲೇ ಇಲ್ಲ. ಬಗ್ಗಿ, ಬೆಳ್ಳಗಾಗಿದ್ದ ನನ್ನ ಹೆಬ್ಬೆರಳನ್ನೇ ನೋಡುತ್ತ ಕೇಳಿದಳು:

"ಇನ್ನೊಂದು ತಡೀತೈತೇನು?"